ಹುಲ್ಲು ತೆಗೆಯುವ ಶಾಸ್ತ್ರ

ಜನವರಿ 17, ಗುರುವಾರ

ನಾನು ಸತ್ತಿದ್ದೇನೆಂದು ಇವತ್ತು ಮಧ್ಯಾಹ್ನ ಗೊತ್ತಾಯಿತು.

ಐದನೇ ತರಗತಿಯ ಲೆಕ್ಕದ ಪುಸ್ತಕ ತಿದ್ದುತ್ತಾ ಕೂತಿದ್ದೆ. ಗುರುತಿಲ್ಲದ ನಂಬರಿನಿಂದ ಫೋನು ಬಂತು. ನಮ್ಮೂರು ಮುರಿಂಜಿ ಗುಡ್ಡದ ಸ್ಮಾರಕದಲ್ಲಿ ಕೆಲಸ ಮಾಡುವ ಪೆಲಾಜಿ ಎಂಬ ಹುಡುಗಿ. ಸೆಬಿಹೋಗೊ ಅವರ ಮಗಳು ಉವಿತೊಂಜೆ ಸ್ಪೆಸಿಯೋಜ್ ನೀವೇನಾ ಎಂದು ಕೇಳಿದಳು. ನಾನೇ ಎಂದೆ.

"ಟೀಚರ್, ಬೇಜಾರ್ ಮಾಡ್ಕೋಬೇಡಿ. ನಿಮ್ ಹೆಸರು ನಮ್ ಗೋಡೆ ಮೇಲಿದೆ," ಎಂದಳು.

ಈಗ ಸ್ಮಾರಕವಾಗಿರುವ ಚರ್ಚಿನೊಳಗೆ ಸತ್ತವರ ಹೆಸರುಗಳನ್ನು ಬಣ್ಣದಲ್ಲಿ ಬರೆದಿರುವ ಗೋಡೆ ಅದು. ಈ ಏಪ್ರಿಲ್‌ಗೆ ತೊಂಬತ್ತನಾಲ್ಕರ ನರಮೇಧಕ್ಕೆ ಇಪ್ಪತ್ತೈದು ವರ್ಷ ತುಂಬುತ್ತದೆ, ಬಣ್ಣ ಮಾಸುತ್ತಿದೆ, ಅದಕ್ಕೇ ಎಲ್ಲ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸುತ್ತಿದ್ದಾರಂತೆ. ಒಂದೊಂದನ್ನೂ ಮತ್ತೆ ಪರೀಕ್ಷೆ ಮಾಡುವಾಗ, ಸತ್ತ ಉವಿತೊಂಜೆ ಕಿಗಾಲಿಯ ಶಾಲೆಯೊಂದರಲ್ಲಿ ಪಾಠ ಮಾಡುತ್ತಿರುವುದು ಪತ್ತೆಯಾಗಿದೆ. ನಮ್ಮ ಮನೆಯವರ ಹೆಸರಿರುವ ಕಲ್ಲು ಕಡೆಯದು, ಮಾರ್ಚ್ ಮುಗಿದ ಮರುದಿನ ಕೆತ್ತುತ್ತಾರೆ. ಹೆಸರು ತೆಗೆಸಬೇಕಾದರೆ ನಾನು ಹೋಗಬೇಕು. ನಾನೊಬ್ಬಳೇ ಹೋದರೆ ಸಾಲದು, ಆ ಹೆಸರನ್ನು ಬರೆಸಿದವರೂ ಬಂದು ಗೋಡೆಯ ಮುಂದೆ ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು.

ಬರೆಸಿದವರು ಯಾರೆಂದು ಕೇಳಿದೆ. ಹಳೆಯ ಪುಸ್ತಕ ತಿರುವಿ ನೋಡಿ ಹೇಳಿದಳು. ಲಾದಿಸ್ಲಾಸನ ಹೆಂಡತಿಯಂತೆ.

ಯೋಚನೆ ಮಾಡಿ ಹೇಳುತ್ತೇನೆಂದು ಫೋನಿಟ್ಟೆ. ಫೋನ್ ಮಾಡಿದ್ದಕ್ಕೆ ಆ ಹುಡುಗಿಗೆ ಮೂರು ಸಲ ಧನ್ಯವಾದ ಹೇಳಿದೆನೆಂದು ಈಗ ನೆನಪಾಗುತ್ತಿದೆ. ನನ್ನ ಸಾವಿನ ಸುದ್ದಿ ತಿಳಿಸಿದವಳಿಗೆ. ಮಿಕ್ಕ ಹದಿನಾಲ್ಕು ಪುಸ್ತಕ ತಿದ್ದಲಿಲ್ಲ. ಸತ್ತವರಿಗೆ ಅಷ್ಟಾದರೂ ರಿಯಾಯಿತಿ ಇರಲಿ.

ಜನವರಿ 20, ಭಾನುವಾರ

ವೆದಾಸ್ತ್‌ಗೆ ಹೇಳಿದೆ. ನನ್ನ ಗಂಡ ಕ್ಷೌರದವನು, ದಿನವಿಡೀ ಜನರ ಮಾತು ಕೇಳಿ ಕೇಳಿ ಯಾವುದಕ್ಕೂ ಗಾಬರಿಯಾಗುವುದಿಲ್ಲ. "ಹಂಗಾದ್ರೆ ಹನ್ನೆರಡು ವರ್ಷದಿಂದ ನಾನ್ ದೆವ್ವದ ಜೊತೆ ಸಂಸಾರ ಮಾಡ್ತಿದೀನಿ. ಅನುಮಾನ ಇತ್ತು ಬಿಡು," ಎಂದ. ನಗು ಬಂತು. ಅವನಿದ್ದಾನಲ್ಲ, ಅಷ್ಟೇ ಸಾಕು ಅನ್ನಿಸಿತು.

ಅವನು ನನ್ನನ್ನು ಧನ್ಯವಾದದ ಅಂಗಡಿ ಎಂದು ಕರೆಯುತ್ತಾನೆ. ಬಸ್ಸು ನಿಲ್ಲಿಸಿದ ಡ್ರೈವರನಿಗೆ, ದಾರಿ ಬಿಟ್ಟ ಮೇಕೆಗೆ, ಸರಿಯಾಗಿ ಬೆಂದ ಬೀನ್ಸ್ ಕಾಳಿಗೆ, ಎಲ್ಲದಕ್ಕೂ ಧನ್ಯವಾದ ಹೇಳುತ್ತೇನಂತೆ. ಅದರಲ್ಲೇನೂ ಸುಳ್ಳಿಲ್ಲ. ಹನ್ನೊಂದನೇ ವಯಸ್ಸಿಗೆ ಮುಗಿಯಬೇಕಿದ್ದ ಬದುಕು ಮೂವತ್ತಾರಕ್ಕೆ ಬಂದು ಕೂತಿದೆ. ಇಷ್ಟೆಲ್ಲ ಸಿಕ್ಕಿದೆಯಲ್ಲ ಎಂದು ನಿಜವಾಗಿಯೂ ಸಂತೋಷವಾಗುತ್ತದೆ.

ಒಬ್ಬಳಿಗೆ ಮಾತ್ರ ಹೇಳಿಲ್ಲ. ಅದನ್ನು ಇಲ್ಲಾದರೂ ಬರೆಯಬೇಕು, ಬೇರೆಲ್ಲೂ ಬರೆದಿಲ್ಲ.

ಕೊಲೆಗಾರರು ನಮ್ಮ ಗುಡ್ಡಕ್ಕೆ ನುಗ್ಗಿದ ದಿನ ಬೆಳಿಗ್ಗೆ ಅಪ್ಪ ನನ್ನನ್ನು ನೆರೆಯ ಲಾದಿಸ್ಲಾಸನ ಮನೆಗೆ ಹಾಲು ತರಲು ಕಳಿಸಿದ್ದ. ನಾನು ವಾಪಸ್ಸು ಹೋಗುವಷ್ಟರಲ್ಲಿ ಮನೆಯವರೆಲ್ಲ ಚರ್ಚಿಗೆ ಓಡಿದ್ದರು. ಅಪ್ಪ, ಅಮ್ಮ, ಇಬ್ಬರು ಅಣ್ಣಂದಿರು. ಲಾದಿಸ್ಲಾಸನ ಹೆಂಡತಿ ದಾರಿಯಲ್ಲೇ ನನ್ನ ಕೈ ಹಿಡಿದೆಳೆದು ಕರುವಿನ ಕೊಟ್ಟಿಗೆಯಲ್ಲಿ ಹುಲ್ಲಿನ ಕೆಳಗೆ ಮಲಗಿಸಿದಳು. ಅಲ್ಲಿ ಹತ್ತೊಂಬತ್ತು ದಿನ ಇದ್ದೆ. ಉವಿತೊಂಜೆ ಎಂದರೆ ಸುಮ್ಮನಿರುವವಳು ಎಂದರ್ಥ. ಮನೆಯಲ್ಲಿ ಎಲ್ಲರಿಗಿಂತ ವಾಚಾಳಿ ನಾನೇ. ಅಪ್ಪ ಇಟ್ಟ ಹೆಸರಿಗೆ ತಕ್ಕ ಹಾಗಿರು ಎಂದು ಅವಳು ಹುಲ್ಲಿಗೆ ಬಾಯಿಟ್ಟು ಹೇಳುತ್ತಿದ್ದಳು. ಹುಡುಕುವವರು ಬಂದು ಹೋದ ಮೇಲೆ ಹುಲ್ಲಿನ ಮೇಲೆ ಎರಡು ಸಲ ತಟ್ಟಿ, "ಹೋದ್ರು, ಎದ್ ಬಾ" ಎನ್ನುತ್ತಿದ್ದಳು. ಆಗ ಎದ್ದು ಕೂತು ಹಾಲು ಕುಡಿಯುತ್ತಿದ್ದೆ. ಕಡೆಯ ದಿನ ಯಾರೂ ತಟ್ಟಲಿಲ್ಲ. ಕೊಲೆಗಾರರನ್ನು ಓಡಿಸುತ್ತಾ ಬಂದ ಸೈನಿಕರು ಹುಲ್ಲು ಸರಿಸಿ ನನ್ನನ್ನು ಎತ್ತಿಕೊಂಡರು. ಅಷ್ಟರಲ್ಲಿ ಅವಳು ಗಂಡನ ಹಿಂದೆ ತಾಂಜಾನಿಯಾ ಕಡೆ ಹೊರಟಿದ್ದಳು.

ಆ ಗಂಡ ಚರ್ಚಿನ ಬಾಗಿಲು ಒಡೆದವರಲ್ಲಿ ಒಬ್ಬ. ಆಮೇಲೆ ಸೆರೆಮನೆಯಲ್ಲೇ ಸತ್ತ.

ಧನ್ಯವಾದ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ಬಾಯಿ ತೆರೆದರೆ ಆ ಬಾಗಿಲು ಕಾಣುತ್ತದೆ. ಅವನಿಗೆ ಅನ್ನ ಬಡಿಸಿದ ಕೈಯೇ ನನಗೆ ಹಾಲು ಕೊಟ್ಟದ್ದು. ಅಷ್ಟಲ್ಲದೆ ಆ ಕರುವಿನ ಅಜ್ಜಿಯನ್ನು ಅವರಿಬ್ಬರ ಮದುವೆಗೆಂದು ಕೊಟ್ಟವನು ನನ್ನಪ್ಪ. ಹಸುವಿನ ಋಣ ತೀರಿಸಿದ್ದಾಳೆ, ನಾನೇನೂ ಹೇಳಬೇಕಾಗಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬಂದಿದ್ದೇನೆ.

ಫೆಬ್ರವರಿ 1, ಶುಕ್ರವಾರ

ಹೋಗುವುದಿಲ್ಲ. ಹಸು ಕೊಟ್ಟ ಅಪ್ಪನಾಣೆ, ಹೋಗುವುದಿಲ್ಲ.

ಫೆಬ್ರವರಿ 9, ಶನಿವಾರ

ಪೆಲಾಜಿ ಮತ್ತೆ ಫೋನ್ ಮಾಡಿದ್ದಳು. ಲಾದಿಸ್ಲಾಸನ ಹೆಂಡತಿಯ ಮನೆಗೆ ಹೋಗಿ ಬಂದಳಂತೆ. ಮುದುಕಿಗೆ ಎಂಬತ್ತರ ಹತ್ತಿರ. ಕಾಲು ಊದಿಕೊಂಡಿದೆ, ಉಸಿರು ಕಟ್ಟುತ್ತದೆ. ವಿಷಯ ಹೇಳಿದ್ದಕ್ಕೆ, "ಆಣೆ ಇಟ್ ಹೇಳಿದೀನಿ, ಹಿಂದಕ್ ತಗೊಳಲ್ಲ" ಎಂದು ಬಾಗಿಲು ಹಾಕಿಕೊಂಡಳಂತೆ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ನಾನು ಬದುಕಿದ್ದೇನೆಂದು ಅವಳಿಗೆ ಗೊತ್ತು. ನನ್ನ ಮದುವೆಗೆ ಯಾರದೋ ಕೈಲಿ ಒಂದು ಬುಟ್ಟಿ ಜೋಳ ಕಳಿಸಿದ್ದಳು. ಬದುಕಿದವಳನ್ನು ಸತ್ತಳೆಂದು ಬರೆಸಿದ್ದಲ್ಲದೆ ಹಠ ಬೇರೆ. ಅಷ್ಟು ಸಾಯಿಸುವ ಆಸೆ ಇದ್ದರೆ ಅವತ್ತು ಹುಲ್ಲು ಯಾಕೆ ಹೊದಿಸಬೇಕಿತ್ತು?

ವಾರವೆಲ್ಲ ಮಕ್ಕಳ ಮೇಲೆ ಕೂಗಾಡಿದ್ದೇನೆ. ಸೋಮವಾರ ಕ್ಷಮೆ ಕೇಳಬೇಕು.

ಫೆಬ್ರವರಿ 24, ಭಾನುವಾರ

ನಿನ್ನೆ ತಿಂಗಳ ಕಡೆಯ ಶನಿವಾರ, ಕೇರಿ ಕೆಲಸದ ದಿನ. ಬೆಳಿಗ್ಗೆ ಕೇರಿಯವರೆಲ್ಲ ಸೇರಿ ಚರಂಡಿ ತೋಡಿದೆವು. ಗುದ್ದಲಿ ಹಿಡಿದುಕೊಂಡೇ ವೆದಾಸ್ತ್ ಆ ವಿಷಯ ತೆಗೆದ. ಹಸು ಪಡೆದವರು ಆಮೇಲೊಂದು ದಿನ ಜೋಳದ ಹೆಂಡ ಹೊತ್ತುಕೊಂಡು ಕೊಟ್ಟವರ ಮನೆಗೆ ಹೋಗುತ್ತಾರಲ್ಲ, ಕೃತಜ್ಞತೆ ಹೇಳಲು, ಹುಲ್ಲು ತೆಗೆಯುವ ಶಾಸ್ತ್ರಕ್ಕೆ, ಹಾಗೆ ನೀನು ಒಂದು ಸಲ ಹೋಗಿ ಬಾ ಎಂದ. ಅವಳು ನನಗೆ ಹಸು ಕೊಟ್ಟಿಲ್ಲ, ನಮ್ಮಪ್ಪ ಅವಳಿಗೆ ಕೊಟ್ಟದ್ದು, ಶಾಸ್ತ್ರ ಮಾಡಬೇಕಾದವಳು ಅವಳು ಎಂದೆ.

"ಮೇಕೆಗೆಲ್ಲ ಹೇಳ್ತೀಯಲ್ಲೇ," ಎಂದ. ಅಷ್ಟೇ ಹೇಳಿದ್ದು. ಅವನ ಜೊತೆ ಸಾಯಂಕಾಲದವರೆಗೆ ಮಾತು ಬಿಟ್ಟೆ. ಆಮೇಲೆ ಅವನೇ ಬಾಳೆಕಾಯಿ ಬೇಯಿಸಿ ತಟ್ಟೆಗೆ ಹಾಕಿ ಕೊಟ್ಟ. ಚೆನ್ನಾಗಿತ್ತು. ಹೇಳಿದೆ ಕೂಡ.

ಮಾರ್ಚ್ 2, ಶನಿವಾರ

ಹೋಗಿ ಬಂದೆ. ಮುದುಕಿಯ ಮನೆಗಲ್ಲ, ಚರ್ಚಿಗೆ. ಗೋಡೆಯನ್ನಾದರೂ ಕಣ್ಣಾರೆ ನೋಡೋಣ ಎಂದು ಬೆಳಿಗ್ಗೆ ಬಸ್ಸು ಹತ್ತಿದೆ.

ಪ್ರತಿ ಏಪ್ರಿಲ್‌ನಲ್ಲೂ ಮುರಿಂಜಿಗೆ ಹೋಗುತ್ತೇನೆ, ಬೇಲಿಯ ಹೊರಗೆ ನಿಂತು ಬರುತ್ತೇನೆ. ಇವತ್ತೂ ಬೇಲಿಯ ಹತ್ತಿರ ಹೋಗಿ ನಿಂತೆ. ಪೆಲಾಜಿ ಬಂದಳು. ತೆಳ್ಳಗಿನ ಹುಡುಗಿ, ಆ ವರ್ಷ ಹುಟ್ಟಿಯೂ ಇರಲಿಲ್ಲ. ಒಳಗೆ ಬನ್ನಿ ಎಂದು ಕರೆಯಲಿಲ್ಲ. ಪಕ್ಕದಲ್ಲಿ ನಿಂತು ತನ್ನ ಕೆಲಸದ ಬಗ್ಗೆ ಹೇಳತೊಡಗಿದಳು. ಬೆಂಚುಗಳ ಮೇಲಿರುವ ಸತ್ತವರ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮೆತ್ತನೆಯ ಬ್ರಶ್ಶಿನಿಂದ ಧೂಳು ಬಿಡಿಸಿ ಮತ್ತೆ ಅದೇ ಜಾಗದಲ್ಲಿ ಇಡುತ್ತಾಳೆ. ನೀರು ಸೋಕಿಸುವ ಹಾಗಿಲ್ಲ. ಮಕ್ಕಳ ಅಂಗಿಗಳಿಗೆ ಹೆಚ್ಚು ಹೊತ್ತು ಬೇಕಂತೆ, ಗುಂಡಿ ಚಿಕ್ಕವು. ದಿನಕ್ಕೆ ಎರಡು ಅಂಗಿ ಆದರೆ ಆಯಿತು. ಎಷ್ಟು ವರ್ಷ ಬೇಕಾಗುತ್ತದೆ ಎಂದೆ. "ಮುಗಿಯಲ್ಲ ಟೀಚರ್. ಮುಗಿಯೋ ಹೊತ್ತಿಗೆ ಮೊದಲ್ನೇದಕ್ಕೆ ಮತ್ತೆ ಧೂಳ್ ಕೂತಿರುತ್ತೆ," ಎಂದಳು.

ನಮ್ಮ ಅಣ್ಣಂದಿರ ಅಂಗಿಯ ಧೂಳನ್ನು ಗುರುತು ಪರಿಚಯವಿಲ್ಲದ ಹುಡುಗಿ ಬಿಡಿಸುತ್ತಿದ್ದಾಳೆ. ನಾನು ಬೇಲಿಯ ಹೊರಗೆ ನಿಂತಿದ್ದೇನೆ. ನಾಚಿಕೆಯಾಯಿತು. ಅವಳ ಕೈ ಹಿಡಿದುಕೊಂಡೆ, ಒಳಗೆ ಹೋದೆವು.

ಒಳಗಿನದನ್ನು ಬರೆಯುವುದಿಲ್ಲ. ತಗಡಿನ ಮಾಡಿನಲ್ಲಿ ತೂತುಗಳಿವೆ, ಅವುಗಳಿಂದ ಬಿಸಿಲು ಬೀಳುತ್ತದೆ. ಅಷ್ಟು ಸಾಕು.

ಗೋಡೆಯ ಹತ್ತಿರ ಹೋದಾಗ ನಾನು ಅಂದುಕೊಂಡಂತೆ ಆಗಲಿಲ್ಲ. ನಮ್ಮಲ್ಲಿ ಮನೆತನದ ಹೆಸರಿಲ್ಲ, ಒಬ್ಬೊಬ್ಬರಿಗೂ ಅವರದೇ ಹೆಸರು. ಆ ಗೋಡೆಯಲ್ಲಿ ಯಾರು ಯಾರ ಮಗ, ಯಾರು ಯಾರ ಹೆಂಡತಿ ಎಂದು ತಿಳಿಯುವುದೇ ಇಲ್ಲ. ಗಂಡ ಒಂದು ಮೂಲೆಯಲ್ಲಿ, ಮಕ್ಕಳು ಇನ್ನೆಲ್ಲೋ. ನಮ್ಮ ಮನೆಯವರು ಮಾತ್ರ ಒಂದರ ಕೆಳಗೊಂದು ಇದ್ದಾರೆ. ಅಪ್ಪ, ಅಮ್ಮ, ದೊಡ್ಡಣ್ಣ, ಚಿಕ್ಕಣ್ಣ, ಐದನೆಯವಳು ನಾನು. ಗೊತ್ತಿದ್ದವರು ನಿಂತು ಹೇಳಿ ಬರೆಸಿದರೆ ಮಾತ್ರ ಹಾಗೆ ಬರುತ್ತದೆ. ಅವರ ಜೊತೆ ಸಾಲಿನಲ್ಲಿ ನಿಂತಿದ್ದೇನಲ್ಲ ಎಂದು ಒಂದು ಗಳಿಗೆ ಸಂತೋಷವೂ ಆಯಿತು. ಹಾಗೇ ಬಿಟ್ಟುಬಿಡೋಣವೇ ಎಂದೂ ಅನ್ನಿಸಿತು.

ಪೆಲಾಜಿ ಹಳೆಯ ಪುಸ್ತಕ ತೋರಿಸಿದಳು. ತೊಂಬತ್ತೇಳನೇ ಇಸವಿ. ನನ್ನ ಹೆಸರಿನ ಮುಂದೆ ಹೆಬ್ಬೆಟ್ಟಿನ ಗುರುತು, ಪಕ್ಕದಲ್ಲಿ ಬರೆಸಿದವರ ಮಾತು: "ಹಸು ಕೊಟ್ಟ ಸೆಬಿಹೋಗೊನಾಣೆ, ಅವನ ಮಗಳು ಚರ್ಚಿನಲ್ಲಿ ಸತ್ತಳು."

ಮಾರ್ಚ್ 3, ಭಾನುವಾರ

ಆ ವಾಕ್ಯ ತಲೆಯಿಂದ ಹೋಗುತ್ತಿಲ್ಲ.

ಹಸು ಕೊಟ್ಟವರ ಹೆಸರಿನಲ್ಲಿ ನಾವು ದಿನಕ್ಕೆ ಹತ್ತು ಸಲ ಆಣೆ ಇಡುತ್ತೇವೆ. ಸುಳ್ಳಾಣೆ ಮಾತ್ರ ಯಾರೂ ಇಡುವುದಿಲ್ಲ. ಕಳ್ಳರೂ ಇಡುವುದಿಲ್ಲ. ಇಟ್ಟರೆ ಆ ಮನೆಯ ಹಾಲು ಒಡೆಯುತ್ತದೆ, ಕರು ನಿಲ್ಲುವುದಿಲ್ಲ ಎಂದು ಲಾದಿಸ್ಲಾಸನ ಹೆಂಡತಿ ಸಾವೆರಿನಾಳ ವಯಸ್ಸಿನವರು ಈಗಲೂ ನಂಬುತ್ತಾರೆ. ಸತ್ತವರ ಹೆಸರಿನಲ್ಲಿ ಇಟ್ಟರಂತೂ ಆ ಆಣೆ ಬಿಚ್ಚಿಕೊಡಲು ಅವರೇ ಎದ್ದು ಬರಬೇಕು.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಇಟ್ಟಳು?

ಮಾರ್ಚ್ 16, ಶನಿವಾರ

ವೆದಾಸ್ತ್ ನಿನ್ನೆಯೇ ಒಂದು ಕೊಡ ಜೋಳದ ಹೆಂಡ ತಂದು ಬಾಗಿಲ ಬಳಿ ಇಟ್ಟಿದ್ದ. ಯಾರಿಗೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕೊಡ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಎರಡು ಗಂಟೆ ಕೂತೆ. ಅಲ್ಲಿಂದ ಮೋಟರ್ ಬೈಕಿನಲ್ಲಿ ಗುಡ್ಡ ಹತ್ತಿದೆ. ಬೈಕಿನವನು ಹೆಂಡದ ಕೊಡವನ್ನು ನನಗಿಂತ ಜೋಪಾನವಾಗಿ ನೋಡಿಕೊಂಡ. ಅವನಿಗೂ ಒಳ್ಳೆಯದಾಗಲಿ.

ಸಾವೆರಿನಾ ಅಂಗಳದಲ್ಲಿ ಚಾಪೆಯ ಮೇಲೆ ಕಾಲು ಚಾಚಿಕೊಂಡು ಬೀನ್ಸ್ ಬಿಡಿಸುತ್ತಿದ್ದಳು. ಕೊಟ್ಟಿಗೆ ಇತ್ತು, ಒಳಗೆ ಹಸು ಇರಲಿಲ್ಲ. ನನ್ನನ್ನು ನೋಡಿ ಮೊದಲು ಮಾಡಿದ್ದೇನೆಂದರೆ ಎದ್ದು ನಿಲ್ಲಲು ಹೆಣಗಿ, ಬೇಲಿಯಾಚೆ ಯಾರಾದರೂ ಇದ್ದಾರೆಯೇ ಎಂದು ಎರಡೂ ಕಡೆ ನೋಡಿದ್ದು. ಆಮೇಲೆ ನನ್ನನ್ನು ಮನೆಯೊಳಗೆ ಎಳೆದುಕೊಂಡಳು. ಆ ಕೈಯ ಹಿಡಿತ ನನ್ನ ಮೈಗೆ ನೆನಪಿತ್ತು.

ನಾನು ಬಂದದ್ದು ಜಗಳಕ್ಕೋ ಮಾತಿಗೋ ನನಗೇ ಗೊತ್ತಿರಲಿಲ್ಲ. ನೇರವಾಗಿ ಕೇಳಿದೆ. ಅವಳು ಬಹಳ ಹೊತ್ತು ಉಸಿರು ಹುಡುಕಿಕೊಂಡು ಹೇಳಿದಳು.

ಮೂರನೇ ದಿನ ಲಾದಿಸ್ಲಾಸ್ ಮನೆಗೆ ಬಂದು, ಸೆಬಿಹೋಗೊನ ಮಗಳು ಲೆಕ್ಕಕ್ಕೆ ಸಿಕ್ಕಿಲ್ಲ, ನೀನು ನೋಡಿದೆಯಾ ಎಂದು ಕೇಳಿದನಂತೆ. ಹಿಂದೆ ಇನ್ನೂ ಆರು ಜನ ನಿಂತಿದ್ದರು. ಬೇರೆ ಯಾವ ಮಾತು ಹೇಳಿದರೂ ಕೊಟ್ಟಿಗೆ ಹುಡುಕುತ್ತಿದ್ದರು. ಸೆಬಿಹೋಗೊನ ಆಣೆ ಇಟ್ಟು, ಹುಡುಗಿ ಚರ್ಚಿನೊಳಗೆ ಹೋದದ್ದನ್ನು ಕಣ್ಣಾರೆ ಕಂಡೆ, ಸತ್ತಳು ಎಂದಳು. ಆ ಆಣೆಯ ಮೇಲೆ ಯಾರೂ ಸುಳ್ಳು ಹೇಳುವುದಿಲ್ಲವೆಂದು ಅವರಿಗೂ ಗೊತ್ತಲ್ಲ. ನಂಬಿ ಹೋದರು.

"ನಿಮ್ಮ ಯಜಮಾನರಿಗೆ ಗೊತ್ತಿತ್ತಾ ನಾನು ಅಲ್ಲಿದೀನಿ ಅಂತ?" ಎಂದು ಕೇಳಿದೆ. ಇಪ್ಪತ್ತೈದು ವರ್ಷದಿಂದ ಕೇಳಬೇಕೆಂದಿದ್ದ ಪ್ರಶ್ನೆ.

"ಗೊತ್ತಿರ್ಲಿಲ್ಲ ಮಗಳೇ. ಕರುಗೆ ಹುಲ್ಲು ನಾನೇ ಹಾಕ್ತಿದ್ದೆ, ಅವನನ್ನ ಆ ಕಡೆ ಬಿಡ್ತಿರ್ಲಿಲ್ಲ. ಗೊತ್ತಾಗಿದ್ರೆ ಏನ್ ಮಾಡ್ತಿದ್ದ ಅಂತ ಕೇಳ್ಬೇಡ. ನಾನು ಅವನ್ ಜೊತೆ ನಲವತ್ತ್ ವರ್ಷ ಬಾಳಿದೀನಿ, ನಾನೇ ಕೇಳ್ಕೊಂಡಿಲ್ಲ."

ಆಮೇಲೆ ಅವಳು ತಾಂಜಾನಿಯಾದಿಂದ ಊರಿಗೆ ಮರಳಿದ ಮೇಲೆ, ತೊಂಬತ್ತೇಳರಲ್ಲಿ ಪುಸ್ತಕ ಹಿಡಿದವರು ಬಂದರು. ಅಪ್ಪ, ಅಮ್ಮ, ಅಣ್ಣಂದಿರ ಹೆಸರು ಬರೆಸಿದಳು. ನನ್ನ ಹೆಸರು ಬಂದಾಗ ಆ ಆರು ಜನರಲ್ಲಿ ಇಬ್ಬರು ಅಂಗಳದಲ್ಲೇ ನಿಂತಿದ್ದರಂತೆ. ಅದೇ ಮಾತನ್ನು ಮತ್ತೆ ಹೇಳಿ ಹೆಬ್ಬೆಟ್ಟು ಒತ್ತಿದಳು. ಅವರು ಈಗ ಯಾರೂ ಇಲ್ಲವಲ್ಲ, ಈಗಲಾದರೂ ಯಾಕೆ ಬಿಡುವುದಿಲ್ಲ ಎಂದೆ.

ಸಾವೆರಿನಾ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದಳು. "ಗೋಡೆ ಮೇಲೆ ಹೆಸರಿದ್ರೆ ನಿನ್ನ ಯಾರೂ ಹುಡ್ಕಲ್ಲ," ಎಂದಳು.

ಅಂದರೆ ಇಷ್ಟು ವರ್ಷವೂ ಅವಳು ನನ್ನನ್ನು ಬಚ್ಚಿಟ್ಟುಕೊಂಡೇ ಇದ್ದಾಳೆ. ನಾನು ಓದಿದೆ, ಕೆಲಸಕ್ಕೆ ಸೇರಿದೆ, ಮದುವೆಯಾದೆ, ಮೇಕೆಗಳಿಗೆ ಧನ್ಯವಾದ ಹೇಳಿಕೊಂಡು ಓಡಾಡಿದೆ. ಇವಳು ಇಲ್ಲಿ ಹುಲ್ಲು ಕಾಯುತ್ತಾ ಕೂತಿದ್ದಳು. ಆ ಸುಳ್ಳಾಣೆ ಇಟ್ಟ ಮೇಲೆ ಅವಳ ಮನೆಯಲ್ಲಿ ಒಂದು ಕರುವೂ ನಿಲ್ಲಲಿಲ್ಲವಂತೆ. ಅದನ್ನೂ ದೂರಿನ ಹಾಗೆ ಹೇಳಲಿಲ್ಲ. ಇಟ್ಟದ್ದಕ್ಕೆ ತಕ್ಕ ಹಾಗೆ ಆಯಿತು ಎಂಬಂತೆ ಹೇಳಿದಳು.

ನಾನು ಧನ್ಯವಾದ ಹೇಳಲಿಲ್ಲ. ಆ ಬಾಗಿಲು ಕಾಣಿಸಿತೆಂದಲ್ಲ. ಬಸ್ ಡ್ರೈವರನಿಗೆ ಹೇಳುವ ಮಾತನ್ನೇ ಇವಳಿಗೂ ಹೇಗೆ ಹೇಳುವುದು? ಕೊಡದ ಬಾಯಿ ಬಿಚ್ಚಿದೆ. ಒಂದೇ ಕೊಳವೆಯಲ್ಲಿ ಇಬ್ಬರೂ ಕುಡಿದೆವು. ಹೆಂಡ ಸ್ವಲ್ಪ ಹುಳಿಯಾಗಿದೆ ಎಂದು ಮುಖ ಕಿವುಚಿದಳು, ಆದರೆ ಕೊಳವೆ ಬಿಡಲಿಲ್ಲ.

ಮಾರ್ಚ್ 19, ಮಂಗಳವಾರ

ಸಾವೆರಿನಮ್ಮನ ಕಾಲಿಗೆ ಔಷಧಿ ಕಳಿಸಿದೆ. ಮೂವತ್ತನೇ ತಾರೀಕು ಬರಲು ಒಪ್ಪಿದ್ದಾರೆ ಎಂದು ಪೆಲಾಜಿ ಹೇಳಿದಳು. ಷರತ್ತು ಒಂದೇ, ಮೊದಲು ಸೆಬಿಹೋಗೊನನ್ನು ಕಂಡು ಮಾತಾಡಬೇಕಂತೆ.

ಮಾರ್ಚ್ 30, ಶನಿವಾರ

ಬೆಳಗಿನ ಕೇರಿ ಕೆಲಸ ಮುಗಿಸಿ ವೆದಾಸ್ತ್‌ನೂ ಬಂದಿದ್ದ. ಸಾವೆರಿನಮ್ಮನನ್ನು ಬೈಕಿನಿಂದ ಇಳಿಸಿ ಅವನೇ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ. ನಿನ್ನ ಕೂದಲು ಇಷ್ಟು ಕೆಟ್ಟದಾಗಿ ಕತ್ತರಿಸಿದವನು ಯಾರು ಎಂದು ಅವರು ಕೇಳಿದರು. ನಾನೇ ಎಂದ. ಅದಕ್ಕೇ ಎಂದರು.

ಬಾಗಿಲ ಹತ್ತಿರ ನಗು ನಿಂತುಹೋಯಿತು. ಅದು ಹೊಸ ಬಾಗಿಲು. ಹಳೆಯದು ಯಾಕಿಲ್ಲವೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಹೊಸ್ತಿಲ ಮೇಲೆ ಕಾಲಿಡದೆ ನಿಂತೇ ಇದ್ದರು. ನಾನು ಹಿಂದಕ್ಕೆ ಬಂದು ಅವರ ಇನ್ನೊಂದು ತೋಳು ಹಿಡಿದೆ.

ಗೋಡೆಯ ಮುಂದೆ ನಿಂತು ಅವರು ಅಪ್ಪನ ಹೆಸರು ಎಲ್ಲಿದೆ ಎಂದು ಕೇಳಿದರು. ಓದಲು ಬರುವುದಿಲ್ಲ. ಅವರ ಬೆರಳನ್ನು ಹಿಡಿದು ಅಕ್ಷರಗಳ ಮೇಲಿಟ್ಟೆ. ಹಿರಿಯರನ್ನು ಮಾತಾಡಿಸುವ ಹಾಗೆ ತಲೆ ಬಗ್ಗಿಸಿ, "ಹಿಂಡು ಬೆಳೀಲಿ, ಸೆಬಿಹೋಗೊ" ಎಂದರು. ಹಾಗೆಂದು ಕಾದರು. ನಮ್ಮಲ್ಲಿ ಅದಕ್ಕೆ ಮರುಮಾತು ಹೇಳದೆ ಯಾರೂ ಇರುವುದಿಲ್ಲ. ಸಾವೆರಿನಮ್ಮ ಕಾಯುತ್ತಲೇ ಇದ್ದರು. ಪೆಲಾಜಿ ನೆಲ ನೋಡುತ್ತಿದ್ದಳು.

"ಹೆಣ್ಣು ಕರುಗಳ ಹಿಂಡಾಗ್ಲಿ," ಎಂದು ನಾನು ಹೇಳಿದೆ. ಅಪ್ಪನ ಮಾತು, ಅಪ್ಪನ ಹಾಗೇ ಹೇಳಲು ಹೋದೆ.

ಅವರು ತಲೆಯಾಡಿಸಿದರು. ಸರಿ, ಬಿಚ್ಚಿದ ಹಾಗಾಯಿತು ಎಂದರು.

ಪೆಲಾಜಿ ಪುಸ್ತಕ ತೆರೆದು, ಮೊದಲು ನಾನು ಆಣೆ ಇಟ್ಟು ನನ್ನ ಗುರುತು ಹೇಳಬೇಕೆಂದಳು. ಹೇಳಿದೆ: "ಹಸು ಕೊಟ್ಟ ಸಾವೆರಿನಮ್ಮನಾಣೆ, ನಾನು ಸೆಬಿಹೋಗೊನ ಮಗಳು ಉವಿತೊಂಜೆ. ಬದುಕಿದೀನಿ."

ಪೆಲಾಜಿಯ ಪೆನ್ನು ನಿಂತಿತು. ವೆದಾಸ್ತ್ ನನ್ನತ್ತ ನೋಡಿದ. ನಾನೇನು ತಪ್ಪು ಹೇಳಿದೆನೆಂದು ನನಗೆ ತಿಳಿಯಲೇ ಇಲ್ಲ. ಹುಟ್ಟಿದಾಗಿನಿಂದ ಅಪ್ಪನ ಹೆಸರಿನಲ್ಲೇ ಆಣೆ ಇಟ್ಟವಳು ನಾನು, ಇವತ್ತೂ ಹಾಗೇ ಇಡುತ್ತಿದ್ದೇನೆಂದೇ ಅಂದುಕೊಂಡಿದ್ದೆ. ಸಾವೆರಿನಮ್ಮನೇ ತಿದ್ದಿದರು.

"ನಾನೆಲ್ಲಿ ನಿಂಗೆ ಹಸು ಕೊಟ್ಟೆ? ಹುಲ್ಲು ಕೊಟ್ಟೆ, ಅಷ್ಟೆ."

ಆಗ ಅತ್ತೆ. ಧನ್ಯವಾದ ಎಂದೆ. ಎಷ್ಟು ಸಲ ಎಂದೆನೋ ಗೊತ್ತಿಲ್ಲ, ವೆದಾಸ್ತ್ ಎಣಿಸಲಿಲ್ಲವಂತೆ. ಅವರು ಹೆಬ್ಬೆಟ್ಟಿಗೆ ಮಸಿ ಹಚ್ಚಿಸಿಕೊಂಡು ಪುಸ್ತಕದ ಮೇಲೆ ಬಲವಾಗಿ ಒತ್ತಿದರು. ಪೆಲಾಜಿ ನನ್ನ ಹೆಸರಿನ ಮೇಲೆ ಗೆರೆ ಎಳೆದಳು. ಅಪ್ಪ, ಅಮ್ಮ, ಅಣ್ಣಂದಿರು ನಾಲ್ವರೇ ಉಳಿದರು.

ನಾನು ಬೆಂಚಿನ ತುದಿಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದೆ. ಸಾವೆರಿನಮ್ಮ ಹತ್ತಿರ ಬಂದು, ಮಸಿಯ ಕೈಯಲ್ಲೇ ನನ್ನ ಬೆನ್ನ ಮೇಲೆ ಎರಡು ಸಲ ತಟ್ಟಿದರು.

"ಹೋದ್ರು," ಎಂದರು. "ಎದ್ ಬಾ."